ಸ್ವಯಂಚಾಲಿತ ಹವಾಮಾನ ಕೇಂದ್ರದ ದೋಷಗಳನ್ನು ಗುರುತಿಸುವ ಬಗೆ
(ಹಾನಗಲ್, ಶಿಗ್ಗಾಂವಿ, ಸವಣೂರು, ಹಿರೇಕೆರೂರು ತಾಲೂಕುಗಳ ಗ್ರಾಮಪ್ರಮುಖರ ಹಾಗೂ ಜಮೀನುದಾರರ ತಿಳುವಳಿಕೆಗಾಗಿ)

ಮಳೆಯನ್ನು ಅಳೆದು ಲೆಕ್ಕವಿಡುವ ಪದ್ಧತಿಯು ನಮ್ಮ ದೇಶದಲ್ಲಿ ಬಹು ಪುರಾತನವಾದದ್ದು. ಸರಕಾರದ ಉಗ್ರಾಣದಲ್ಲಿ ಒಂದು ಮೊಳ ಅಗಲದ ಬಾಯುಳ್ಳ ಪಾತ್ರೆಯನ್ನಿಟ್ಟು ಮಳೆಯ ಪ್ರಮಾಣವನ್ನು ತಿಳಿಯತಕ್ಕದ್ದೆಂದು ಕೌಟಿಲ್ಯನು ಅರ್ಥಶಾಸ್ತ್ರದಲ್ಲಿ ಹೇಳಿರುವನು. ಮುಂದೆ ತಾಲೂಕು ಕಚೇರಿಗಳ ಆವಾರದಲ್ಲಿ ಸೈಮನ್ಸ್ ಎಂಬ ಹೆಸರಿನ ಮಳೆಮಾಪಕವನ್ನು ನೆಟ್ಟು, ಪ್ರತಿನಿತ್ಯ ಬೆಳಿಗ್ಗೆ 8-30 ಗಂಟೆಗೆ ಅದರಲ್ಲಿಯ ನೀರನ್ನು ಗಾಜಿನ ಅಳತೆಯಿಂದ ಅಳೆದು ಬರೆದಿಡುವ ರೂಢಿಯಾಯಿತು. ನಮ್ಮ ಹಿರಿಯರು ಮಳೆಯನ್ನು ಇಂಚು, ಸೆಂಟು ಎಂದು ಎಣಿಸುವದು ಆ ಕಾಲದ ಲೆಕ್ಕವೇ. ಒಂದು ಇಂಚಿಗೆ ನೂರು ಸೆಂಟು. ಈಗಿನ ಒಂದು ಮಿಲಿಮೀಟರು ಎಂದರೆ ಸುಮಾರು ನಾಲ್ಕು ಸೆಂಟು.

ಆದರೆ ತಾಲೂಕಿಗೆ ಎರಡು ಮೂರು ಮಳೆಮಾಪಕಗಳಿಂದ ಎಲ್ಲ ಗ್ರಾಮಗಳ ಮಳೆಯೂ ತಿಳಿಯುವಂತಿಲ್ಲ. ಆದ ಪ್ರಯುಕ್ತ, 1988ರಲ್ಲಿ ಬರಗಾಲದ ಮೇಲ್ವಿಚಾರಣೆಗಾಗಿ ಸ್ಥಾಪಿತವಾಗಿ, ಈಗ ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರವೆಂದು ಹೆಸರಾಗಿರುವ ಸಂಸ್ಥೆಯು ಗ್ರಾಮ ಪಂಚಾಯತಿಗೊಂದರಂತೆ ತಾನಾಗಿಯೇ ಅಳೆಯುವ ಮಳೆಮಾಪಕವನ್ನೂ, ಹೋಬಳಿಗೊಂದರಂತೆ ಉಷ್ಣ, ತೇವ, ಗಾಳಿಗಳನ್ನು ಸಹ ಅಳೆಯುವ ಹವಾಮಾನ ಕೇಂದ್ರವನ್ನೂ ನಿಲ್ಲಿಸುವ ಕ್ರಮವನ್ನು ಕೈಕೊಂಡಿತು. ಇವು ಬಿಸಿಲಿನಿಂದ ಶಕ್ತಿಯನ್ನು ಪಡೆದು, ಹದಿನೈದು ನಿಮಿಷಗಳಿಗೊಮ್ಮೆ ತಮ್ಮ ಅಂಕಿಗಳನ್ನು ಮೊಬೈಲ್ ದೂರವಾಣಿಯ ಜಾಲದ ಮೂಲಕ ಬೆಂಗಳೂರಿಗೆ ಕಳುಹಿಸುವಂಥವು. ಪಂಚಾಯತಿಯ ಕಟ್ಟಡದ ಬಳಿಯಲ್ಲಾಗಲಿ ಶಾಲೆಯ ಅಂಗಳದಲ್ಲಾಗಲಿ ಬೇಲಿಯೊಳಗೆ ನಿಂತಿರುವ ಈ ಕಂಬವನ್ನು ಎಲ್ಲರೂ ನೋಡಿರುವರು. ಅದರ ಯೋಗಕ್ಷೇಮವನ್ನು ವಿಚಾರಿಸುವವರು ಮಾತ್ರ ವಿರಳ.

ವಿಚಾರಿಸಬೇಕಾದ ಕಾಲವು ಈಗ ಬಂದಿರುವದು. ಮೊದಲು ಮಳೆಯ ಅಂಕಿಯು ತಪ್ಪಿದರೆ ಕಚೇರಿಯ ದಪ್ತರವೊಂದು ತಪ್ಪುತ್ತಿತ್ತು. ಈಗ ರೈತನ ಹಣವೇ ತಪ್ಪುವದು. 2016ರಲ್ಲಿ ಪುನಾರಚಿತವಾದ ಹವಾಮಾನ ಆಧಾರಿತ ಬೆಳೆ ವಿಮೆಯಲ್ಲಿ ಹೊಲಕ್ಕೆ ಬಂದು ಬೆಳೆಯನ್ನು ನೋಡುವ ಪದ್ಧತಿಯಿಲ್ಲ. ಮಳೆ ಎಷ್ಟು ಬಿದ್ದಿತು, ಎಷ್ಟು ದಿವಸ ಬಿಡುವು ಕೊಟ್ಟಿತು, ಉಷ್ಣ ಎಷ್ಟಿತ್ತು, ತೇವ ಎಷ್ಟಿತ್ತು ಎಂಬ ಯಂತ್ರದ ಅಂಕಿಗಳ ಮೇಲಿಂದಲೇ ಪರಿಹಾರವು ನಿಶ್ಚಯವಾಗುವದು. ಬರಗಾಲದ ಘೋಷಣೆಗೂ ಮಳೆಯ ಕೊರತೆಯ ಅಂಕಿಗಳೇ ಮೊದಲಿನ ಆಧಾರ. 2023ರಲ್ಲಿ ರಾಜ್ಯದ 236 ತಾಲೂಕುಗಳ ಪೈಕಿ 223ನ್ನು ಬರಪೀಡಿತವೆಂದು ಸಾರಿದಾಗ ಇದು ಎಲ್ಲರ ಅನುಭವಕ್ಕೆ ಬಂದಿತು.

ನಮ್ಮ ಸೀಮೆಯಲ್ಲಿ ಈ ಮಾತಿಗೆ ಇನ್ನೂ ಹೆಚ್ಚಿನ ಮಹತ್ವವುಂಟು. ಹಾನಗಲ್ ತಾಲೂಕು ಮಲೆನಾಡಿಗೂ ಬಯಲುಸೀಮೆಗೂ ನಡುವಿನ ಹೊಸ್ತಿಲಿನಂತಿದ್ದು, ಮುಂಡಗೋಡಿನ ಕಡೆಯ ಪಡುವಣ ಗ್ರಾಮಗಳಲ್ಲಿ ಬತ್ತದ ಗದ್ದೆಗಳು ತುಂಬಿ ಹರಿಯುತ್ತಿರುವಾಗ ಮೂಡಣ ಗ್ರಾಮಗಳಲ್ಲಿ ಗೋವಿನಜೋಳವು ಬಾಡುವದುಂಟು. ಸವಣೂರಿನ ಕಡೆಗೆ ಹೋದಂತೆ ಮಳೆಯು ಮತ್ತೂ ಇಳಿಯುವದು. ಹೀಗಿರುವಲ್ಲಿ ಒಂದು ಪಂಚಾಯತಿಯ ಯಂತ್ರವು ಕೆಟ್ಟರೆ ನೆರೆಯ ಯಂತ್ರದ ಅಂಕಿಯು ಅದಕ್ಕೆ ಸರಿಹೋಗುವದೆಂದು ನಂಬಲಾಗದು.

ಕೆಡುವದರಲ್ಲಿ ಎರಡು ವಿಧಗಳಿರುವವು. ಒಂದು, ಕೇಂದ್ರವು ಮೂಕವಾಗುವದು, ಅಂಕಿಯೇ ಬಾರದಿರುವದು. ಇನ್ನೊಂದು, ಕೇಂದ್ರವು ಸುಳ್ಳು ಹೇಳುವದು. ಮಳೆ ಸುರಿದಿದ್ದರೂ ಸೊನ್ನೆಯನ್ನು ಕಳುಹಿಸುವದು. ಜನರು ಮೊದಲನೆಯದಕ್ಕೆ ಹೆಚ್ಚು ಅಂಜುವರು. ವಾಸ್ತವವಾಗಿ ಎರಡನೆಯದೇ ಹೆಚ್ಚು ಹಾನಿಕರ. ಮೂಕವಾದ ಕೇಂದ್ರವು ಬೆಂಗಳೂರಿನಲ್ಲಿ ಕುಳಿತವರ ಕಣ್ಣಿಗೂ ಬೀಳುವದು. ವಿಮೆಯ ನಿಯಮಗಳಲ್ಲಿಯೂ ಅಂಥ ಸಮಯಕ್ಕೆಂದು ಬದಲೀ ಕೇಂದ್ರವನ್ನು ಗೊತ್ತುಪಡಿಸುವ ಏರ್ಪಾಡಿರುವದು. ಸೊನ್ನೆಯಾದರೋ ಒಂದು ಅಂಕಿಯೇ. ಅದು ಖಾಲಿ ಜಾಗವಲ್ಲವಾದ್ದರಿಂದ ಅದರ ಬದಲಿಗೆ ಇನ್ನೊಂದನ್ನು ಯಾರೂ ಹುಡುಕುವದಿಲ್ಲ. ಅದು ಸುಳ್ಳೆಂಬದನ್ನು ಬಲ್ಲವರು ಆ ರಾತ್ರಿ ಮಳೆಯಲ್ಲಿ ನೆನೆದ ಗ್ರಾಮಸ್ಥರು ಮಾತ್ರವೇ. ಸಾಮಾನ್ಯವಾಗಿ ಮೂಕತನಕ್ಕೆ ಕಾರಣವು ವಿದ್ಯುತ್ತಿನಲ್ಲಿಯೂ, ಸುಳ್ಳಿಗೆ ಕಾರಣವು ಸಂವೇದಕಗಳಲ್ಲಿಯೂ ಇರುವದೆಂದು ತಿಳಿದುಕೊಂಡರೆ ಅರ್ಧ ಕೆಲಸವು ತೀರಿದಂತೆ. ಸಂವೇದಕಗಳೆಂದರೆ ಮಳೆ, ಉಷ್ಣ, ತೇವ, ಗಾಳಿಗಳನ್ನು ಅರಿಯುವ ಸೆನ್ಸರುಗಳು.

ಮೊದಲು ವಿದ್ಯುತ್ತಿನ ಸಂಗತಿ. ಕಂಬದ ಮೇಲಿನ ಸೌರಫಲಕವು ಬಿಸಿಲಿನಿಂದ ವಿದ್ಯುತ್ತನ್ನುಂಟುಮಾಡುವದು. ನಡುವಿನ ನಿಯಂತ್ರಕವು ಅದನ್ನು ಹದಮಾಡಿ 12 ವೋಲ್ಟಿನ ಬ್ಯಾಟರಿಗೆ ತುಂಬುವದು. ಬ್ಯಾಟರಿಯಿಂದ ಅಂಕಿಗಳನ್ನು ಬರೆದಿಡುವ ಯಂತ್ರಕ್ಕೂ, ಅವುಗಳನ್ನು ಕಳುಹಿಸುವ ಮೋಡೆಮ್ಮಿಗೂ ಶಕ್ತಿಯು ಹೋಗುವದು. ಬರೆದಿಡುವ ಯಂತ್ರದ ಹಸಿವು ಬಹಳ ಅಲ್ಪ. ಮೋಡೆಮ್ಮು ಮಾತ್ರ ಸಂದೇಶವನ್ನು ಕಳುಹಿಸುವ ಕ್ಷಣದಲ್ಲಿ ಒಮ್ಮೆಲೆ ಹೆಚ್ಚು ವಿದ್ಯುತ್ತನ್ನು ಎಳೆಯುವದು. ಬ್ಯಾಟರಿಯು ದುರ್ಬಲವಾಗಿದ್ದರೆ ಆ ಎಳೆತಕ್ಕೆ ಕುಸಿಯುವದು. ಆಗ ಇಡೀ ಕೇಂದ್ರವು ನಿಂತು, ಪುನಃ ಮೊದಲಿನಿಂದ ಚಾಲೂ ಆಗುವದು.

ಕೇಂದ್ರವು ಯಾವ ಹೊತ್ತಿಗೆ ಮೂಕವಾಗುವದೆಂಬದನ್ನು ಗಮನಿಸಿದರೆ ಪೆಟ್ಟಿಗೆಯನ್ನು ತೆರೆಯದೆಯೇ ರೋಗವನ್ನು ಊಹಿಸಬಹುದು. ನಡುರಾತ್ರಿಯ ನಂತರ ಅಂಕಿಗಳು ನಿಂತು, ಬೆಳಿಗ್ಗೆ ಒಂಬತ್ತು ಹತ್ತು ಗಂಟೆಗೆ ತಾವಾಗಿಯೇ ಆರಂಭವಾಗುತ್ತಿದ್ದರೆ ಬ್ಯಾಟರಿಯು ಮುದಿಯಾಗಿರುವದೆಂದು ತಿಳಿಯತಕ್ಕದ್ದು. ಹೂಳು ತುಂಬಿದ ಕೆರೆಯು ಒಂದೇ ಮಳೆಗೆ ಕೋಡಿ ಬಿದ್ದು, ಯುಗಾದಿಗೆ ಮುಂಚೆಯೇ ಬತ್ತುವಂತೆ, ಮುದಿ ಬ್ಯಾಟರಿಯೂ ಬೇಗನೆ ತುಂಬಿ ಬೇಗನೆ ಬರಿದಾಗುವದು. ಪೆಟ್ಟಿಗೆಯೊಳಗಿನ ಸೆಕೆಯಲ್ಲಿ ಸೀಸದ ಬ್ಯಾಟರಿಯು ಮೂರರಿಂದ ಐದು ವರ್ಷಗಳ ವರೆಗೆ ಬಾಳಿದರೆ ಸಾಕು ಎನ್ನಬೇಕು. ಹೊಸ ಬ್ಯಾಟರಿಯನ್ನು ಕೂಡ್ರಿಸಿದ ತಾರೀಖನ್ನು ಪಂಚಾಯತಿಯ ವಹಿಯಲ್ಲಿ ಬರೆದಿಡುವ ರೂಢಿಯು ಎಷ್ಟೋ ಕಡೆ ಇಲ್ಲ. ಇದು ಒಂದು ಸಾಲಿನ ಕೆಲಸ, ಆದರೆ ಮುಂದೆ ಬಹಳ ಉಪಯೋಗಕ್ಕೆ ಬರುವದು.

ಇದಕ್ಕೆ ಬದಲಾಗಿ, ಮೋಡ ಮುಸುಕಿದ ದಿವಸಗಳು ನಾಲ್ಕಾರು ಸಾಲಾಗಿ ಬಂದಾಗ ಕೇಂದ್ರವು ಮೆಲ್ಲಮೆಲ್ಲನೆ ಸೋತು ನಿಂತು, ಬಿಸಿಲು ಬಿದ್ದ ಮೇಲೆ ಚೇತರಿಸಿಕೊಳ್ಳುತ್ತಿದ್ದರೆ, ತಪ್ಪು ಬಹುಶಃ ಫಲಕದ ಕಡೆಗಿರುವದು. ದಟ್ಟ ಮೋಡದ ದಿನ ಫಲಕದ ಉತ್ಪತ್ತಿಯು ಬಿಸಿಲಿನ ದಿನದ ಹತ್ತನೆಯ ಒಂದು ಪಾಲಿಗೆ ಇಳಿಯುವದುಂಟು. ಅದರ ಮೇಲೆ ಧೂಳೋ, ಹಕ್ಕಿಯ ಹಿಕ್ಕೆಯೋ, ಮರದ ನೆರಳೋ ಸೇರಿದರೆ ಕೇಳುವದೇನು! ಇಲ್ಲಿ ಒಂದು ಸೂಕ್ಷ್ಮವುಂಟು. ಫಲಕದಲ್ಲಿಯ ಬಿಲ್ಲೆಗಳು ಸರಪಳಿಯ ಕೊಂಡಿಗಳಂತೆ ಒಂದಕ್ಕೊಂದು ಹೆಣೆದುಕೊಂಡಿರುವದರಿಂದ, ಒಂದೇ ಬಿಲ್ಲೆಯ ಮೇಲೆ ತೇಗದ ಎಲೆಯೊಂದು ಬಿದ್ದು ಅಂಟಿದರೂ ಇಡೀ ಫಲಕದ ಪ್ರವಾಹವು ಕುಗ್ಗುವದು. ಹತ್ತರಲ್ಲಿ ಒಂದು ಪಾಲು ಮುಚ್ಚಿದರೆ ಹತ್ತರಲ್ಲಿ ಒಂದು ಪಾಲಷ್ಟೇ ನಷ್ಟವೆಂದು ಭಾವಿಸಲಾಗದು.

ಮರದ ನೆರಳಿನ ವಿಷಯದಲ್ಲಿ ದಿಕ್ಕನ್ನು ನೋಡಿಕೊಳ್ಳಬೇಕು. ಫಲಕವನ್ನು ತೆಂಕಣಕ್ಕೆ ಮುಖಮಾಡಿ ಓರೆಯಾಗಿ ನಿಲ್ಲಿಸಿರುವರು. ಅದರಿಂದ ತೆಂಕಣದ ಮರವೇ ಶತ್ರುವೆಂದು ಎಲ್ಲರೂ ಎಣಿಸುವರು. ಚಳಿಗಾಲದಲ್ಲಿ ಅದು ನಿಜ. ಆದರೆ ನಮ್ಮ ಸೀಮೆಯಲ್ಲಿ ಏಪ್ರಿಲ್ ಕೊನೆಯಿಂದ ಆಗಸ್ಟಿನ ಎರಡನೆಯ ವಾರದ ತನಕ ಸೂರ್ಯನು ನೆತ್ತಿಗಿಂತ ಬಡಗಣಕ್ಕೆ ಸರಿದಿರುವನು. ಈಶಾನ್ಯದ ಕಡೆಯಿಂದ ಹುಟ್ಟಿ ವಾಯವ್ಯದ ಕಡೆಗೆ ಮುಳುಗುವನು. ಆದುದರಿಂದ ಮಳೆಗಾಲದಲ್ಲಿ ಬೆಳಗಿನ ಬಿಸಿಲನ್ನು ತಡೆಯುವದು ಈಶಾನ್ಯದ ಮರ. ಮಾಗಿಯಲ್ಲಿ ನೆರಳಿಲ್ಲವೆಂದು ನೋಡಿ ಹೋದವರು ಆಷಾಢದಲ್ಲಿ ಬಂದು ನೋಡಿದರೆ ತಿಳಿಯುವದು.

ಗುಡುಗು ಸಿಡಿಲಿನ ಮರುಕ್ಷಣದಿಂದ ಕೇಂದ್ರವು ನಿಂತು ಹೋಗಿ, ಮರುದಿವಸದ ಬಿಸಿಲಿಗೂ ಏಳದಿದ್ದರೆ ಫ್ಯೂಜು ಸುಟ್ಟಿರಬೇಕು, ಇಲ್ಲವೆ ಅದಕ್ಕಿಂತ ದೊಡ್ಡ ಹಾನಿಯಾಗಿರಬೇಕು. ಇದು ದುರಸ್ತಿಯವರ ಕೆಲಸ. ಕೆಲವೊಮ್ಮೆ ಅಂಕಿಗಳು ದಿನವೆಲ್ಲ ಬಾರದೆ, ಸಂಜೆಗೆ ಒಟ್ಟಿಗೆ ಬಂದು ಸೇರುವವು. ಅಲ್ಲಿ ಶಕ್ತಿಯ ದೋಷವಿಲ್ಲ, ದೂರವಾಣಿಯ ಜಾಲವು ಸಿಕ್ಕಿಲ್ಲವಷ್ಟೆ. ಈ ಭೇದವು ಮುಖ್ಯವಾದದ್ದು. ಜಾಲವು ಸಿಗದಿದ್ದರೆ ಅಂಕಿಯು ಯಂತ್ರದ ನೆನಪಿನಲ್ಲಿದ್ದು ತಡವಾಗಿ ಬರುವದು. ಶಕ್ತಿಯೇ ಹೋಗಿದ್ದರೆ ಆ ಹೊತ್ತಿನಲ್ಲಿ ಬಿದ್ದ ಮಳೆಯನ್ನು ಎಣಿಸುವವರೇ ಇಲ್ಲದೆ ಅದು ಎಂದೆಂದಿಗೂ ಲೆಕ್ಕದಿಂದ ಹೋದಂತೆಯೇ.

ದುರಸ್ತಿಗಾಗಿ ಬಂದವನು ಪೆಟ್ಟಿಗೆಯನ್ನು ತೆರೆದಾಗ ಗ್ರಾಮದ ಪ್ರಮುಖರಲ್ಲೊಬ್ಬರು ಹತ್ತಿರ ನಿಂತು ಮೂರು ಅಂಕಿಗಳನ್ನು ಕೇಳಿ ಬರೆದುಕೊಳ್ಳುವದು ಒಳ್ಳೆಯದು. ಮಧ್ಯಾಹ್ನದ ಬಿಸಿಲಿನಲ್ಲಿ, ತಂತಿಯನ್ನು ಬಿಡಿಸಿದ ಫಲಕದ ವೋಲ್ಟು ಎಷ್ಟು? 18ರಿಂದ 22ರ ವರೆಗೆ ಇರಬೇಕು. ಅದೇ ಹೊತ್ತಿನಲ್ಲಿ ಫಲಕಕ್ಕೆ ಜೋಡಿಸಿದ ಬ್ಯಾಟರಿಯ ವೋಲ್ಟು ಎಷ್ಟು? 13.5ರಿಂದ 14.5ರ ಒಳಗಿದ್ದರೆ ತುಂಬುತ್ತಿದೆಯೆಂದು ಅರ್ಥ. ಬಿಸಿಲೇರುವ ಮುನ್ನ ಬ್ಯಾಟರಿಯ ವೋಲ್ಟು ಎಷ್ಟು? 12.4ಕ್ಕೆ ಮೇಲಿದ್ದರೆ ಸುಖ, 11.8ಕ್ಕೆ ಕೆಳಗಿದ್ದರೆ ಅದು ರಾತ್ರಿಯನ್ನು ಕಷ್ಟದಿಂದ ಕಳೆದಿದೆ. ಫಲಕವು 20 ವೋಲ್ಟು ತೋರಿಸುತ್ತಿದ್ದು ಬ್ಯಾಟರಿಯು ಮಧ್ಯಾಹ್ನವೂ 12.3ರಲ್ಲಿಯೇ ನಿಂತಿದ್ದರೆ ನಡುವಿನ ನಿಯಂತ್ರಕ, ಫ್ಯೂಜು, ತಂತಿಯ ಗಂಟುಗಳಲ್ಲಿ ದೋಷವನ್ನು ಹುಡುಕತಕ್ಕದ್ದು. ಹೀಗಿರುವಾಗ ಹೊಸ ಬ್ಯಾಟರಿಯನ್ನು ಹಾಕಿ ಹೋದರೆ ತಿಂಗಳೊಳಗೆ ಅದೂ ಸಾಯುವದು. ಇಂಥ ಅರ್ಧ ದುರಸ್ತಿಗಳಿಂದ ಆಗುವ ಖರ್ಚು ಕಡಿಮೆಯಲ್ಲ.

ಇನ್ನು ಸುಳ್ಳು ಹೇಳುವ ಕೇಂದ್ರದ ವಿಚಾರ. ಇದರಲ್ಲಿ ಮಳೆಯ ಸಂವೇದಕವೇ ಪ್ರಧಾನವು. ಮೇಲೆ ಒಂದು ಲಾಳಿಕೆ; ಅದರ ಕೆಳಗೆ ತಕ್ಕಡಿಯ ತಟ್ಟೆಗಳಂತೆ ಜೋಡಿಸಿದ ಎರಡು ಪುಟ್ಟ ಬಟ್ಟಲುಗಳು. ಗೊತ್ತಾದಷ್ಟು ನೀರು ತುಂಬಿದ ಕೂಡಲೆ ಒಂದು ಬಟ್ಟಲು ಮಗುಚಿ ಬರಿದಾಗುವದು, ಇನ್ನೊಂದು ಲಾಳಿಕೆಯ ಕೆಳಗೆ ಬರುವದು. ಮಗುಚಿದಾಗಲೆಲ್ಲ ಒಂದು ಸಣ್ಣ ಅಯಸ್ಕಾಂತವು ಹಾಯ್ದು ಹೋಗಿ ಒಂದು ಎಣಿಕೆಯಾಗುವದು. ಒಂದು ಎಣಿಕೆಗೆ ಕೆಲವು ಯಂತ್ರಗಳಲ್ಲಿ 0.2, ಕೆಲವುಗಳಲ್ಲಿ 0.5 ಮಿಲಿಮೀಟರು ಮಳೆಯೆಂದು ಲೆಕ್ಕ. ಲಾಳಿಕೆಯ ಬಾಯಿಯು 20 ಸೆಂಟಿಮೀಟರು ಅಗಲವಿದ್ದರೆ 0.2 ಮಿಲಿಮೀಟರೆಂದರೆ ಆರು ಮಿಲಿಲೀಟರಿಗಿಂತ ತುಸು ಹೆಚ್ಚು ನೀರು, ಒಂದು ದೊಡ್ಡ ಚಮಚೆಯಷ್ಟೂ ಅಲ್ಲ. ಇಷ್ಟು ನಾಜೂಕಾದ ವಸ್ತುವು ಬಯಲಿನಲ್ಲಿ ಹಕ್ಕಿ, ಇರುವೆ, ಜೇಡಗಳ ನಡುವೆ ನಿಂತಿರುವದೆಂಬದನ್ನು ಮರೆಯಬಾರದು.

ಲಾಳಿಕೆಯ ತೂತು ಕಟ್ಟುವದೇ ಅತ್ಯಂತ ಸಾಮಾನ್ಯವಾದ ದೋಷ. ಬೇಸಿಗೆಯಲ್ಲಿ ಮಣ್ಣಿನ ಗೂಡು ಕಟ್ಟುವ ಕಣಜಗಳಿಗೆ ಈ ಕೊಳವೆಗಿಂತ ಅನುಕೂಲವಾದ ಮನೆ ಬೇರೆ ಸಿಗದು. ಅದು ಪೂರ್ಣವಾಗಿ ಕಟ್ಟಿದ್ದರೆ ಎಂಥ ಮಳೆಗೂ ಸೊನ್ನೆಯೇ ಬರುವದು. ಅರ್ಧ ಕಟ್ಟಿದ್ದರೆ ಗುರುತಿಸುವದು ಇನ್ನೂ ಕಷ್ಟ, ಆದರೆ ಅದಕ್ಕೂ ಒಂದು ಲಕ್ಷಣವುಂಟು. ಸಂಜೆಗೆ ಒಂದು ತಾಸು ಧಾರಾಕಾರವಾಗಿ ಸುರಿದು ಬಯಲಾದ ಮಳೆಯು, ಅಂಕಿಗಳಲ್ಲಿ ಇಡೀ ರಾತ್ರಿ ಕಾಲು ಗಂಟೆಗೆ ಅಷ್ಟಷ್ಟರಂತೆ ಸಮನಾಗಿ ಸುರಿದಂತೆ ಕಾಣುವದು. ನಕ್ಷತ್ರಗಳು ಹೊಳೆಯುತ್ತಿದ್ದಾಗ ಯಂತ್ರವು ಮಳೆಯೆನ್ನುತ್ತಿದ್ದರೆ ಲಾಳಿಕೆಯಲ್ಲಿ ನಿಂತ ನೀರು ತೊಟ್ಟಿಕ್ಕುತ್ತಿರುವದೆಂದೇ ಅರ್ಥ. ಒಟ್ಟು ಮೊತ್ತವು ಸರಿಯಾಗಿದ್ದರೂ ಇದು ಕ್ಷುಲ್ಲಕವಲ್ಲ. ದಿನಕ್ಕೆ 2.5 ಮಿಲಿಮೀಟರಿಗೆ ಕಡಿಮೆಯಾದರೆ ಅದನ್ನು ಮಳೆಯ ದಿನವೆಂದು ಎಣಿಸುವದಿಲ್ಲ. ಒಂದು ದಿನದ ನೀರು ಬೆಳಿಗ್ಗೆ 8-30ನ್ನು ದಾಟಿ ಮರುದಿನಕ್ಕೆ ಹರಿದರೆ ಮಳೆಯ ದಿನಗಳ ಎಣಿಕೆಯೂ, ಬಿಡುವಿನ ದಿನಗಳ ಎಣಿಕೆಯೂ ಎರಡೂ ಕೆಡುವವು.

ಕಂಬವು ವಾಲಿದರೆ ಒಂದು ಬಟ್ಟಲು ಬೇಗ, ಒಂದು ತಡವಾಗಿ ಮಗುಚುವದು. ದನಗಳು ಮೈತಿಕ್ಕುವದರಿಂದ ಕಂಬವು ಅಲುಗಾಡಿ ಮಳೆಯಿಲ್ಲದೆ ಎಣಿಕೆಯಾಗುವದೂ ಉಂಟು. ಇಲಿ ಅಳಿಲುಗಳು ತಂತಿಯನ್ನು ಕಡಿದರೆ ಸೊನ್ನೆ. ಇವನ್ನೆಲ್ಲ ಬೇಲಿಯ ಹೊರಗೆ ನಿಂತೇ ನೋಡಬಹುದು.

ಇಲ್ಲಿ ಒಂದು ಕಟ್ಟುನಿಟ್ಟಾದ ಎಚ್ಚರಿಕೆ. ಯಂತ್ರವು ನಡೆಯುತ್ತಿದೆಯೋ ಇಲ್ಲವೋ ನೋಡೋಣವೆಂದು ಲಾಳಿಕೆಗೆ ತಂಬಿಗೆಯಿಂದ ನೀರು ಸುರಿಯಲಾಗದು. ಅಂಥ ಲಾಳಿಕೆಗೆ ಒಂದು ಲೀಟರು ನೀರನ್ನು ಹೊಯ್ದರೆ ಸುಮಾರು 32 ಮಿಲಿಮೀಟರು, ಅಂದರೆ ಹಳೆಯ ಲೆಕ್ಕದಲ್ಲಿ ಒಂದೂಕಾಲು ಇಂಚು ಮಳೆಯು ನಿಮ್ಮ ಪಂಚಾಯತಿಯ ಹೆಸರಿನಲ್ಲಿ ಬರೆಯಲ್ಪಡುವದು. ಬರಗಾಲದ ಬಿಡುವು ಅಲ್ಲಿಗೇ ಮುರಿಯುವದು. ದುರಸ್ತಿಯವರು ಪರೀಕ್ಷೆಯ ವೇಳೆಯನ್ನು ಕೇಂದ್ರಕ್ಕೆ ಮೊದಲೇ ತಿಳಿಸಿ, ಅಳೆದ ನೀರನ್ನು ಹನಿಹನಿಯಾಗಿ ಬಿಟ್ಟು ಎಣಿಕೆಯನ್ನು ತಾಳೆ ನೋಡುವರು. ಹಾಗೆಯೇ ಲಾಳಿಕೆಯನ್ನು ಮುಚ್ಚಿ ಮಳೆ ಕಡಿಮೆ ತೋರಿಸುವ ಜಾಣತನವೂ ಕೂಡದು. ಸಾರ್ವಜನಿಕ ಸಾಧನವನ್ನು ಕೆಡಿಸುವದು ಶಿಕ್ಷಾರ್ಹವೆಂಬದು ಹಾಗಿರಲಿ, ಬರದಲ್ಲಿ ಕಡಿಮೆ ತೋರಿಸಿದ ಬಟ್ಟಲು ಅತಿವೃಷ್ಟಿಯಲ್ಲಿಯೂ ಕಡಿಮೆಯನ್ನೇ ತೋರಿಸುವದು. ಶುಂಠಿಯ ಗಡ್ಡೆ ಕೊಳೆತ ವರ್ಷ, ಅಡಿಕೆಗೆ ಕೊಳೆರೋಗ ಬಂದ ವರ್ಷ, ಅದೇ ಸಣ್ಣ ಅಂಕಿಯು ಬೆಳೆಗಾರನಿಗೆ ಮುಳುವಾಗುವದು.

ಉಷ್ಣ ಮತ್ತು ತೇವಗಳ ಸಂವೇದಕವು ಒಂದರ ಮೇಲೊಂದಿಟ್ಟ ಬಿಳಿಯ ತಟ್ಟೆಗಳ ನಡುವೆ ನೆರಳಿನಲ್ಲಿರುವದು. ತಟ್ಟೆಗಳು ಧೂಳಿನಿಂದ ಕಪ್ಪಾದಂತೆ ಬಿಸಿಲನ್ನು ಹೀರಿ ಮಧ್ಯಾಹ್ನದ ಉಷ್ಣವನ್ನು ಇದ್ದುದಕ್ಕಿಂತ ಹೆಚ್ಚಿಗೆ ತೋರಿಸುವವು. ತೇವಕ್ಕೆ ಪ್ರಕೃತಿಯೇ ಒದಗಿಸಿದ ಪರೀಕ್ಷೆಯೊಂದಿದೆ: ಮಂಜು ಮುಸುಕಿದ ಬೆಳಗಿನಲ್ಲಿ ಅಂಕಿಯು ನೂರರ ಸಮೀಪಕ್ಕೆ ಬರಲೇಬೇಕು, ಬೇಸಿಗೆಯ ಮಧ್ಯಾಹ್ನದಲ್ಲಿ ಬಹಳ ಕೆಳಗಿಳಿಯಲೇಬೇಕು. ಎರಡೂ ಹೊತ್ತಿನಲ್ಲಿ ಒಂದೇ ಅಂಕಿಯು ಬರುತ್ತಿದ್ದರೆ ಸಂವೇದಕವು ಕೆಟ್ಟಿದೆ. ಗಾಳಿಗೆ ಆಷಾಢವೇ ಪರೀಕ್ಷಕ. ಆ ತಿಂಗಳಲ್ಲಿ ಪಡುವಣ ಗಾಳಿಯು ಬೀಸುತ್ತಿರುವಾಗ ಯಂತ್ರವು ದಿನಗಟ್ಟಲೆ ಗಾಳಿಯಿಲ್ಲವೆಂದರೆ ಬಟ್ಟಲುಗಳ ಅಚ್ಚು ಹಿಡಿದುಕೊಂಡಿದೆ. ಗಾಳಿ ಮೂಡಣದಿಂದಲೆಂದರೆ ದಿಕ್ಕಿನ ಸೂಚಿಯು ತಿರುಗಿ ಕೂತಿದೆ.

ಈ ಎಲ್ಲ ಊಹೆಗಳಿಗೆ ಆಧಾರವಾಗಿ ಗ್ರಾಮದಲ್ಲಿ ತಮ್ಮದೇ ಒಂದು ಅಳತೆಯಿರಬೇಕು. ಇದಕ್ಕೆ ದೊಡ್ಡ ಖರ್ಚಿಲ್ಲ. ಬಾಯಿಯೂ ತಳವೂ ಸಮನಾದ ಅಗಲವುಳ್ಳ, ನೆಟ್ಟಗಿನ ಗೋಡೆಯ ಒಂದು ಡಬ್ಬಿಯನ್ನು ನೆಲದಿಂದ ಒಂದು ಅಡಿ ಎತ್ತರದಲ್ಲಿ, ಮರಮನೆಗಳು ಎಷ್ಟು ಎತ್ತರವೋ ಅದರ ಇಮ್ಮಡಿಯಾದರೂ ದೂರದಲ್ಲಿ, ಅಲುಗಾಡದಂತೆ ನಿಲ್ಲಿಸಿ, ಬೆಳಿಗ್ಗೆ 8-30ಕ್ಕೆ ಅಳತೆಪಟ್ಟಿಯನ್ನು ನೆಟ್ಟಗೆ ಇಳಿಸಿ ನೀರಿನ ಎತ್ತರವನ್ನು ನೋಡಿದರೆ ಅದೇ ಮಿಲಿಮೀಟರುಗಳಲ್ಲಿ ಮಳೆ. ಡಬ್ಬಿಯ ಅಗಲವು ಎಷ್ಟೇ ಇರಲಿ, ಎತ್ತರದ ಲೆಕ್ಕವು ಬದಲಾಗದು. ತಾರೀಖಿನ ವಿಷಯದಲ್ಲಿ ಮಾತ್ರ ಜಾಗ್ರತೆ: 12ನೆಯ ತಾರೀಖಿನ ಸಂಜೆಗೆ ಬಿದ್ದ ಮಳೆಯು 13ರ ಬೆಳಿಗ್ಗೆ ಅಳೆಯಲ್ಪಟ್ಟು 13ರ ಮಳೆಯೆಂದೇ ದಾಖಲಾಗುವದು. ನಮ್ಮೂರಿನ ಮಳೆಯನ್ನು ಬರೆದಿಲ್ಲವೆಂಬ ತಕರಾರುಗಳಲ್ಲಿ ಕೆಲವು ಬರೀ ಈ ಒಂದು ದಿನದ ಅಂತರದಿಂದ ಹುಟ್ಟಿದಂಥವು.

ಪಂಚಾಯತಿವಾರು ಅಂಕಿಗಳನ್ನು ಉಸ್ತುವಾರಿ ಕೇಂದ್ರವು ಪ್ರಕಟಿಸುವದು; ಅದರ ವರುಣ ಮಿತ್ರ ಸಹಾಯವಾಣಿಯಿಂದಲೂ ಕೇಳಿ ತಿಳಿಯಬಹುದು. ತಾಳೆ ನೋಡುವಾಗ ಹತ್ತಕ್ಕೆ ಒಂದು ಪಾಲಿನ ವ್ಯತ್ಯಾಸವನ್ನು ದೊಡ್ಡದು ಮಾಡಬಾರದು. ರಭಸದ ಮಳೆಯಲ್ಲಿ ಬಟ್ಟಲು ಮಗುಚುವಷ್ಟರಲ್ಲಿ ತುಸು ನೀರು ಲೆಕ್ಕಕ್ಕೆ ಸಿಗದೆ ಹೋಗುವದು ಯಂತ್ರದ ಸ್ವಭಾವವೇ. ಚೈತ್ರ ವೈಶಾಖದ ಗುಡುಗಿನ ಮಳೆಯಲ್ಲಿ ತಾಳೆ ನೋಡುವದೂ ವ್ಯರ್ಥ. ಅದು ಒಂದು ಬದುವಿನ ಈಚೆಗೆ ಸುರಿದು ಆಚೆಗೆ ಬಿಡುವಂಥದು. ಆರಿದ್ರಾ, ಪುನರ್ವಸು ಮಳೆಗಳು ಜಿಟಿಜಿಟಿಯಾಗಿ ಎಲ್ಲೆಡೆ ಹಿಡಿದಾಗ, ಡಬ್ಬಿಯಲ್ಲಿ 20 ಮಿಲಿಮೀಟರು, ಎರಡು ನೆರೆಯ ಪಂಚಾಯತಿಗಳಲ್ಲಿ 18 ಮತ್ತು 23, ನಮ್ಮ ಯಂತ್ರದಲ್ಲಿ 3 ಎಂದು ಬಂದರೆ ಅದು ನಿಸ್ಸಂದೇಹವಾದ ದೋಷ.

ಹಾಗೆ ಕಂಡ ದಿನವೇ ಬರವಣಿಗೆಯಲ್ಲಿ ತಿಳಿಸತಕ್ಕದ್ದು. ಹಂಗಾಮು ತೀರಿ, ವಿಮೆಯ ಹಣವು ಬಾರದಿದ್ದಾಗ ಆರು ತಿಂಗಳ ಹಿಂದಿನ ಮಳೆಯ ಬಗ್ಗೆ ಮೋರ್ಚಾ ಒಯ್ದರೆ ಅಧಿಕಾರಿಗಳ ಕೈಯಲ್ಲಿ ಯಂತ್ರದ ಅಂಕಿಯ ಹೊರತು ಬೇರೇನೂ ಇರುವದಿಲ್ಲ. ಅರ್ಜಿಯಲ್ಲಿ ಗ್ರಾಮ, ತಾರೀಖು, ಡಬ್ಬಿಯ ಅಳತೆ, ಯಂತ್ರದ ಅಳತೆ, ನೆರೆಯ ಅಳತೆಗಳು, ಅಂಕಿಗಳು ನಿಂತ ಮತ್ತು ಆರಂಭವಾದ ಹೊತ್ತು, ಬೇಲಿಯ ಹೊರಗಿನಿಂದ ಕಂಡ ಸ್ಥಿತಿ ಇಷ್ಟು ಇದ್ದರೆ ಸಾಕು. ಪಂಚಾಯತಿಗೂ, ತಹಶೀಲ್ದಾರರ ಕಚೇರಿಗೂ, ಹೋಬಳಿಯ ರೈತ ಸಂಪರ್ಕ ಕೇಂದ್ರಕ್ಕೂ ಒಂದೊಂದು ಪ್ರತಿಯನ್ನು ಕೊಟ್ಟು, ತಲುಪಿದ ಬಗ್ಗೆ ಮೊಹರನ್ನು ಹಾಕಿಸಿಕೊಂಡು ಇಟ್ಟುಕೊಳ್ಳತಕ್ಕದ್ದು. ದಿನವಹಿ ಬರೆದ ಡಬ್ಬಿಯ ಲೆಕ್ಕವು ಕಾಯದೆಯ ಪುರಾವೆಯಾಗಲಾರದಾದರೂ, ತನಿಖೆಗೆ ಬಂದವರು ಯಾವ ತಾರೀಖನ್ನು ನೋಡಬೇಕೆಂಬದನ್ನು ಅದು ತೋರಿಸುವದು.

ರೋಹಿಣೀ ಮಳೆಯು ಮೇ 25ರ ಸುಮಾರಿಗೆ ಹುಟ್ಟುವದು. ಅದಕ್ಕೆ ಹದಿನೈದು ದಿವಸ ಮುಂಚಿತವಾಗಿ ಫಲಕವನ್ನು ಒರೆಸುವದು, ಲಾಳಿಕೆಯ ಗೂಡನ್ನು ತೆಗೆಯುವದು, ಕಂಬದ ಮಟ್ಟವನ್ನು ನೋಡುವದು, ಬ್ಯಾಟರಿಯನ್ನು ಅಳೆಯುವದು, ಇವುಗಳನ್ನು ಅಧಿಕೃತ ದುರಸ್ತಿಯವರಿಂದ ಮಾಡಿಸಬೇಕೆಂದು ಪಂಚಾಯತಿಯು ಏಪ್ರಿಲ್ ತಿಂಗಳಲ್ಲಿಯೇ ಪತ್ರ ಬರೆಯುವದು ಅನುಕೂಲ. ನೆರಳು ಕೊಡುವ ಕೊಂಬೆಯು ನಿಮ್ಮ ಸ್ವಂತ ಜಮೀನಿನ ಮರದ್ದಾಗಿದ್ದರೆ ಅದನ್ನು ಸವರಲು ಯಾರ ದಾರಿಯನ್ನೂ ಕಾಯಬೇಕಾದದ್ದಿಲ್ಲ.